ಹೊಗೆಗೆ ಕಟ್ಟಿದ ಜೋಳ

ಗಡಿಗೆಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಬ್ಬೂರಿನವ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಮಣ್ಣು ಹೊತ್ತ, ಹತ್ತಿ ಬಿಡಿಸಿದ, ಕಡೆಗೆ ರಾಯಚೂರಿನ ಹೊರಗಿದ್ದ ಒಂದು ಬೀಜದ ಫಾರಮ್ಮಿನಲ್ಲಿ ಕೂಲಿಗೆ ಸೇರಿದ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಹಳೆಯ ತಳಿಗಳ ಬೀಜ ಕೂಡಿಸಿ ತರುವುದು ಅವನ ಕೆಲಸ. ಕಾಳು ಕೈಗೆ ತೆಗೆದುಕೊಂಡರೆ ಯಾವ ಹೊಲದ್ದು, ಎಷ್ಟು ವರ್ಷದ್ದು ಅಂತ ಹೇಳುವ ಗಂಡಸು. ಅಂಥವನೇ ತಪ್ಪು ಮಾಡಿದ.

ಎಪ್ಪತ್ತೆಂಟನೇ ಇಸವಿ. ಊರೆಲ್ಲ ಸರ್ಕಾರಿ ಹೈಬ್ರಿಡ್ ಬಿತ್ತುತ್ತಿದ್ದಾಗ ಅವನ ದೊಡ್ಡವ್ವ ತಿಮ್ಮವ್ವ ಒಬ್ಬಳೇ ಮುಗುಳು ಜೋಳ ಹಿಡಿದುಕೊಂಡಿದ್ದಳು. ತೆನೆ ಮುಷ್ಟಿ ಕಟ್ಟಿದ ಹಾಗೆ ಮುಚ್ಚಿಕೊಂಡಿರುವ ಜೋಳ ಅದು. ಒಂದು ಮಳೆಗೆ ಬಿತ್ತಿದರೆ ಉಳಿದದ್ದು ಇಬ್ಬನಿ ಕುಡಿದೇ ಬೆಳೆಯುತ್ತದೆ. ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಅವಳ ಅಡುಗೆಮನೆಯ ಗೋಡೆ ಬಿತ್ತು. ಬೀಜ ಕಟ್ಟಲು ಒಲೆಯ ಮೇಲೆ ಜಂತಿಯೇ ಇಲ್ಲ. ಇಲಿಗಳ ಕಾಟ ಬೇರೆ.

"ಯವ್ವಾ, ನಮ್ಮ ಆಫೀಸಿನ್ಯಾಗ ತಗಡಿನ ಡಬ್ಬಿ ಅದ, ಬೀಗ ಅದ. ಅರ್ಧ ಅಲ್ಲೇ ಇರ್ಲಿ, ಉತ್ತರಿ ಮಳಿಗೆ ಬಿತ್ತಾಕ ಅರ್ಧ ವಾಪಸ್ ತಂದು ಕೊಡ್ತೀನಿ," ಅಂದ ಗಡಿಗೆಪ್ಪ.

ತಿಮ್ಮವ್ವ ಇದ್ದ ಎರಡು ಸೇರನ್ನೂ ಬೂದಿ, ಬೇವಿನೆಲೆ ಬೆರೆಸಿ ಅವನ ಹೆಗಲ ವಲ್ಲಿಗೆ ಸುರಿದಳು. "ನಮ್ಮವ್ವ ಕೊಟ್ಟಿದ್ದು ಇದೊಂದ. ಇದು ಹೋದ್ರ ಊರಾಗ ಮತ್ತ ಎಲ್ಲೂ ಸಿಗಂಗಿಲ್ಲ, ನೆನಪಿರ್ಲಿ."

ಆಫೀಸಿನಲ್ಲಿ ಫಾರಮ್ಮಿನ ಸಾಹೇಬರು ಗಂಟು ಬಿಚ್ಚಿ ನೋಡಿ, ಬೂದಿ, ಬೇವಿನೆಲೆ ಎಲ್ಲ ಕೊಡವಿ ಡಬ್ಬಿಗೆ ಹಾಕು ಅಂದರು.

"ಬೂದಿ ತಗದ್ರ ನುಸಿ ಬೀಳ್ತದ್ರೀ."

"ನೀನು ಎಷ್ಟು ಓದಿದ್ದೀಯಪ್ಪಾ?"

ಆ ಒಂದು ಮಾತಿಗೆ ಗಡಿಗೆಪ್ಪನ ನೆತ್ತಿ ಉರಿಯಿತು. ಡಬ್ಬಿಗೆ ಬರೀ ಹೆಸರಿನ ಚೀಟಿ ಹಾಕಿ ಮುಚ್ಚಿದ. ಜೋಳದ ಗಂಟನ್ನು ಒಯ್ದು ಗೇಟಿನ ಮುಂದಿನ ನೂರ್ ಬೀಯ ಚಹಾದಂಗಡಿಯಲ್ಲಿ, ಒಲೆಯ ನೆತ್ತಿಗೆ ಸರಿಯಾಗಿ ಜಂತಿಗೆ ಕಟ್ಟಿದ. ಹೊಗೆ ಕುಡಿದ ಬೀಜಕ್ಕೆ ಹುಳ ಬೀಳದು. ಅವನ ಅವ್ವ, ಅಜ್ಜಿ ಎಲ್ಲರೂ ಮಾಡಿದ್ದು ಅದನ್ನೇ.

ಭಾದ್ರಪದದಲ್ಲಿ ಸಾಹೇಬರು ಡಬ್ಬಿ ತೆಗೆದರೆ ಖಾಲಿ. ಗಡಿಗೆಪ್ಪ ಎದೆ ಸೆಟೆಸಿಕೊಂಡು ಗಂಟು ತಂದಿಟ್ಟ. ಒಂದು ನುಸಿ ಇಲ್ಲ. ಸಾಹೇಬರು ನೂರು ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟರು. ನಾಲ್ಕನೇ ದಿನ ಬಿಚ್ಚಿದರು. ಒಂದೂ ಮೊಳೆತಿರಲಿಲ್ಲ.

ನೂರ್ ಬೀ ಹಣೆ ಬಡಿದುಕೊಂಡಳು. "ಅರೇ ದಿವಾನಾ, ನಿಮ್ಮ ದೊಡ್ಡವ್ವನ ಒಲಿ ಎರಡು ಹೊತ್ತು ಉರಿತದ. ನನ್ನ ಒಲಿ ಮುಂಜಾನಿಂದ ಸಂಜಿತನ ಆರಂಗಿಲ್ಲ. ಬೀಜ ಅಲ್ಲ, ಹುರದು ಅಳ್ಳು ಮಾಡಿ ಇಟ್ಟಿ!"

ಅದೇ ದಿನ ಗಬ್ಬೂರಿನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: "ಉತ್ತರಿ ಮಳಿ ಬಿದ್ದದ. ನೆಲ ಹದ ಅದ, ಬೀಜ ತಾ ಅಂದಾಳ ನಿಮ್ಮ ದೊಡ್ಡವ್ವ."

ಹದ ಇನ್ನೆಷ್ಟು ದಿನ ಇದ್ದೀತು? ಮೂರು, ಹೆಚ್ಚೆಂದರೆ ನಾಲ್ಕು. ಗಡಿಗೆಪ್ಪನಿಗೆ ಅಮರಮ್ಮ ನೆನಪಾದಳು. ತಿಮ್ಮವ್ವನ ಮಗಳು. ಮಾನ್ವಿಗೆ ಕೊಟ್ಟಾಗ ಅವಳ ಉಡಿಗೆ ಇದೇ ಜೋಳ ತುಂಬಿದ್ದರು. ಸಿಕ್ಕ ಬಸ್ಸು ಹತ್ತಿದ.

ಮಾನ್ವಿಯ ಸುತ್ತ ಎಲ್ಲಿ ನೋಡಿದರೂ ಕಾಲುವೆ ನೀರು, ಭತ್ತ. ಜೋಳದ ಹೊಲ ಒಂದೂ ಕಾಣಲಿಲ್ಲ.

"ಕಾಲುವಿ ಬಂದ ಮ್ಯಾಲೆ ಜೋಳ ಯಾರು ಬಿತ್ತತಾರ, ಯಣ್ಣಾ?" ಅಂದಳು ಅಮರಮ್ಮ, ಅವನ ಕತೆಯೆಲ್ಲ ಕೇಳಿ. "ಹೋದ ಸುಗ್ಗಿಗೆ ಒಂದು ಮೂಲ್ಯಾಗ ಬೆಳದಿದ್ವಿ. ರೊಟ್ಟಿ ಮಾಡ್ಕೊಂಡು ತಿಂದ್ವಿ."

"ಬೀಜ ತಿಂತಾರೇನ ಬೇ?" ಎಂದು ಗಡಿಗೆಪ್ಪ ಓಣಿಗೆಲ್ಲ ಕೇಳುವಂತೆ ಅರಚಿದ.

"ನಾವು ತಿಂದ್ವಿ, ನೀ ಹುರದಿ. ಯಾರು ಶಾಣ್ಯಾ ಹೇಳು?"

ಗಡಿಗೆಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಆಗ ತಲೆಯ ಮೇಲೆ ಚಿಂವ್ ಚಿಂವ್ ಸದ್ದು. ನೋಡಿದರೆ ಬಾಗಿಲ ಮೇಲೆ, ಸುಗ್ಗಿಯಲ್ಲಿ ಗುಬ್ಬಿಗಳಿಗೆಂದು ಕಟ್ಟಿದ ಅದೇ ಜೋಳದ ತೆನೆಗಳ ಕುಚ್ಚು. ಗುಬ್ಬಿಗಳು ಹೊರಗಿನ ಕಾಳೆಲ್ಲ ಮುಗಿಸಿ ಒಳಗೆ ಕೊಕ್ಕು ತುರುಕುತ್ತಿದ್ದವು.

"ಹುಶ್!" ಗಡಿಗೆಪ್ಪ ಎಗರಿ ಕುಚ್ಚು ಕಿತ್ತ. ಬೆರಳಿನಿಂದ ತೆನೆ ಬಿಡಿಸಿದ. ಮುಷ್ಟಿ ಕಟ್ಟಿದ ತೆನೆಯಲ್ಲವೇ, ಒಳಗೆ ಕೊಕ್ಕು ಹೋಗದ ಕಡೆ ಕಾಳು ಉಳಿದಿದ್ದವು. ಎಲ್ಲ ಉದುರಿಸಿದರೆ ಒಂದು ಹಿಡಿ.

"ಗುಬ್ಬಿ ಪಾಲು ಕಸಗೊಂಡು ಹೊಂಟಿ, ನಾಚಿಕಿಲ್ದವನ," ಎನ್ನುತ್ತಲೇ ಅಮರಮ್ಮ ಆ ಜಾಗಕ್ಕೆ ಭತ್ತದ ಕುಚ್ಚು ಕಟ್ಟಿದಳು.

ಗಬ್ಬೂರಿನಲ್ಲಿ ಅವನು ಮುಚ್ಚುಮರೆ ಮಾಡದೆ ಎಲ್ಲ ಹೇಳಿದ. ತಿಮ್ಮವ್ವ ಒಂದು ಕಾಳು ಹಲ್ಲಿಗಿಟ್ಟು ಕಡಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ ಮುದುಕಿ.

"ಬಡಿ ಯವ್ವಾ," ಅಂದ.

"ನಿನ್ನ ಬಡದ್ರ ಇವು ಮೊಳಿತಾವೇನು? ನಾನರ ಏನು ಶಾಣ್ಯಾಕಿ, ಇದ್ದಿದ್ದೆಲ್ಲಾ ಒಂದ ಕೈಯಾಗ ಸುರದ್ನಿ. ನಡಿ ಹೊಲಕ್ಕ."

ಕೂರಿಗೆ ಹೂಡುವಷ್ಟು ಬೀಜವೇ ಇರಲಿಲ್ಲ. ಇಬ್ಬರೂ ಮೊಣಕಾಲೂರಿ ಬೆರಳಿನಿಂದ ತೂತು ಮಾಡಿ ಒಂದೊಂದೇ ಕಾಳು ಊರಿದರು. ನಾಲ್ಕು ದಿನ ಗಡಿಗೆಪ್ಪ ಫಾರಮ್ಮಿಗೆ ಹೋಗಲಿಲ್ಲ, ಬದುವಿನ ಮೇಲೆ ಕಾಗೆ ಕಾಯುತ್ತ ಕುಳಿತ. ನಾಲ್ಕನೇ ದಿನವೂ ನೆಲ ಬರಿದೇ. ಐದನೇ ಮುಂಜಾನೆ ಮಣ್ಣು ಬಿರಿದು ಹಸಿರು ಮೂತಿಗಳು ಕಂಡವು. ಅವನು ಒಂದೊಂದನ್ನೂ ಮುಟ್ಟಿ ನೋಡುತ್ತ ಸಾಲಿನುದ್ದಕ್ಕೂ ಅಂಬೆಗಾಲಿಟ್ಟ.

ಸುಗ್ಗಿಗೆ ತಿಮ್ಮವ್ವ ತೆನೆಗಳನ್ನು ಮೂರು ಪಾಲು ಮಾಡಿದಳು. ಒಂದು ಹೊಸ ಗೋಡೆ ಎದ್ದ ತನ್ನ ಅಡುಗೆಮನೆಯ ಜಂತಿಗೆ, ಒಂದು ಮಾನ್ವಿಗೆ, ಒಂದು ಸಾಹೇಬರ ಡಬ್ಬಿಗೆ. ಈ ಸಲ ಗಡಿಗೆಪ್ಪ ಕಾಳಿಗೆ ಬೂದಿ ಬೆರೆಸಿ ಡಬ್ಬಿ ಮುಚ್ಚುವಾಗ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಬೂದಿಯನ್ನು ಕೊಡವು ಅನ್ನಲಿಲ್ಲ.