ಆಕೆ ಗೋಣು ಹಾಕಿದ ಎರಡು ಸೆಕೆಂಡು

ಬೆಳಿಗ್ಗೆ ಹತ್ತು ಗಂಟೆಗೆ ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆ ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಗುರುತು ನನಗೆ ತಕ್ಷಣ ಹತ್ತಿತು. ನನ್ನ ಕಸುಬೇ ಅಂಥದ್ದು. ಹೆಸರು ಮರೆಯುತ್ತೇನೆ, ಊರು ಮರೆಯುತ್ತೇನೆ, ಎಡಿಟಿಂಗಿನಲ್ಲಿ ಕತ್ತರಿಸಿ ಜೋಡಿಸಿದ ಮುಖ ಮಾತ್ರ ಮರೆಯುವುದಿಲ್ಲ. ಎರಡು ವರ್ಷದ ಹಿಂದೆ ಕಮಲಾಪುರದ ಕೆಂಪು ಬಾಳೆ ತೋಟಗಳ ಮೇಲೆ ಟೀವಿಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆ. ಅದರಲ್ಲಿ ಬಂದಿದ್ದ ಒಬ್ಬ ತೋಟದವನ ತಂಗಿ ಈಕೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣನ ಜೊತೆ ತೋಟದಲ್ಲಿ ದುಡಿಯುತ್ತಿದ್ದವಳು. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದಿದ್ದಳು.

‘ಇದ್ಯಾಕ್ರಿ ತಂದ್ರಿ?’ ಅಂದೆ.

‘ಬರಿಗೈಲೆ ಹ್ಯಾಂಗ ಬರ್ಲಿ? ಆದ್ರ ಬಂದದ್ದು ಜಗಳಕ್ಕ ನೋಡ್ರಿ.’

ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ.

‘ಟೀವ್ಯಾಗ ನಾ ಗೋಣು ಹಾಕೀನಂತ. ತ್ವಾಟದ ಪಾಲು ಬ್ಯಾಡಂತ ಒಪ್ಪೀನಂತ. ನಮ್ಮಣ್ಣ ಹಿರೇರ ಮುಂದ ಫೋನ್ ಹಿಡ್ದು ತೋರ್ಸ್ಯಾನ, ಎಲ್ಲಾರೂ ನೋಡ್ಯಾರ. ನಾಳಿ ಮತ್ತ ಕೂಡ್ತಾರ. ಹಕ್ಕು ಬಿಟ್ಟೀನಿ ಅಂತ ಕಾಗದಕ್ಕ ನಾ ಸಹಿ ಹಾಕ್ಬೇಕಂತ.’

ಯಾವ ಗೋಣು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ನಾನು ಎಡಿಟಿಂಗ್ ಕಲಿತದ್ದು ಇದೇ ಊರಿನ ರೋಜಾ ಬಡಾವಣೆಯ ಒಂದು ಓಣಿಯ ಮದುವೆ ವಿಡಿಯೊ ಅಂಗಡಿಯಲ್ಲಿ. ಆಮೇಲೆ ಹದಿನೈದು ವರ್ಷ ಸಿನಿಮಾಗಳನ್ನು ಕತ್ತರಿಸಿದೆ, ಆಮೇಲೆ ಟೀವಿ ನಿರ್ದೇಶಕಿಯಾದೆ. ಆದರೆ ಅಂಗಡಿಯ ಉಸ್ತಾದರು ಮೊದಲ ವಾರ ಹೇಳಿಕೊಟ್ಟದ್ದೇ ಕೊನೆತನಕ ಅನ್ನ ಹಾಕಿತು. ಮಾತಾಡುವವನು ಕೆಮ್ಮಿದರೆ ಕೆಮ್ಮು ತೆಗೆ. ತೆಗೆದ ಜಾಗದಲ್ಲಿ ಚಿತ್ರ ಜಿಗಿಯುತ್ತದೆ, ಅದು ಕಾಣದಂತೆ ಕೇಳುತ್ತ ಕೂತವರ ಮುಖ ಹಚ್ಚು. ಹುಡುಗನ ತಾಯಿಯ ಸಿಡುಕು ಮುಖ ಕಿತ್ತು ಅಲ್ಲಿ ನಗುಮುಖ ಹಚ್ಚಿ ಬೀಗರಿಂದ ಭೇಷ್ ಅನ್ನಿಸಿಕೊಂಡವಳು ನಾನು. ನನಗೆ ಕೋಡು ಮೂಡಿದ್ದು ಆಗಲೇ ಇರಬೇಕು.

ಕಮಲಾಪುರದಲ್ಲೂ ಅದನ್ನೇ ಮಾಡಿದ್ದೆ. ಅಣ್ಣ ಬಾಳೆಗಿಡಗಳ ನಡುವೆ ಕೂತು, ‘ತ್ವಾಟದ ಪಾಲು ಬ್ಯಾಡಂತ ನಮ್ಮ ತಂಗಿ ತಾನಾ ಹೇಳ್ಯಾಳ್ರಿ’ ಅನ್ನುವಾಗ ನಡುವೆ ಕೆಮ್ಮಿದ್ದ. ಕೆಮ್ಮು ತೆಗೆದೆ. ಆ ಜಾಗಕ್ಕೆ ಬಾವಿಕಟ್ಟೆಯ ಮೇಲೆ ಕೂತಿದ್ದ ತಂಗಿಯ ಮುಖ ಹಚ್ಚಿದೆ. ಎರಡೇ ಸೆಕೆಂಡು. ಆಕೆ ಗೋಣು ಹಾಕಿದ್ದೇನೋ ನಿಜ, ಆದರೆ ಅದು ನಮ್ಮ ಕ್ಯಾಮೆರಾದವನು ‘ಅಕ್ಕಾರ, ಚಾ ಆಯ್ತೇನ್ರಿ’ ಎಂದು ಕೇಳಿದ್ದಕ್ಕೆ!

‘ಅದಕ್ಕ ಕಾನೂನಿನಾಗ ಏನೂ ಕಿಮ್ಮತ್ತಿಲ್ರಿ, ಹೆದರಬ್ಯಾಡ್ರಿ’ ಎಂದು ದೊಡ್ಡ ವಕೀಲಳ ಹಾಗೆ ಹೇಳಿದೆ.

‘ಕೋರ್ಟು ಕಲಬುರಗ್ಯಾಗ ಅದ ರೀ. ಹಿರೇರು ನಮ್ಮ ಪಡಸಾಲ್ಯಾಗ ಕೂತಾರ.’

ಆಮೇಲೆ ಆಕೆ ದನಿ ತಗ್ಗಿಸಿ ಕೇಳಿದಳು.

‘ನಾ ಖರೇನ ಹೂಂ ಅಂದೀನೇನ್ರಿ? ಇಲ್ಲ ಅಂದಂಗ ನೆನಪಿತ್ತು. ಟೀವ್ಯಾಗ ನೋಡಿ ನೋಡಿ ಅದೂ ಅಳಿಸಿ ಹೋಗ್ಯದ. ನೀವರ ಹೇಳ್ರಿ.’

ಅಯ್ಯೋ ಶಿವನೇ! ತಾನು ಏನು ಅಂದೆ ಎಂಬುದನ್ನು ಒಬ್ಬ ಹೆಂಗಸು ನನ್ನನ್ನು ಕೇಳುತ್ತಿದ್ದಾಳೆ. ಕಪಾಟು ತೆಗೆದು, ಹಳೆಯ ಡ್ರೈವುಗಳನ್ನೆಲ್ಲ ಮಂಚದ ಮೇಲೆ ಸುರಿದು, ಕತ್ತರಿಸದ ಮೂಲ ಚಿತ್ರೀಕರಣ ಹುಡುಕಿದೆ. ಪುಣ್ಯಕ್ಕೆ ಇತ್ತು. ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಹಾದ ತುಣುಕು ಹಾಕಿದೆ. ‘ಚಾ ಆಯ್ತೇನ್ರಿ?’ ಗೋಣು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಲೇ ನಕ್ಕಳು. ಗೆದ್ದೆ ಅಂದುಕೊಂಡೆ ನಾನು.

‘ಇದರ ಹಿಂದಿಂದು ಹಾಕ್ರಿ’ ಅಂದಳು.

ಹಾಕಿದೆ. ಅಣ್ಣ ಅದೇ ಮಾತು ಹೇಳುತ್ತಿದ್ದಾನೆ, ಮೊದಲ ಸಲ, ಕೆಮ್ಮಿಲ್ಲದೆ. ತಂಗಿ ಬಾವಿಕಟ್ಟೆಯಿಂದ ಎದ್ದು ನಿಂತು, ‘ಅಣ್ಣಾ, ನಾ ಯಾವಾಗ ಹಂಗ ಅಂದೀನಿ? ನಂಗ ನನ್ನ ಪಾಲು ಬೇಕು’ ಎನ್ನುತ್ತಾಳೆ. ಸ್ಪಷ್ಟವಾಗಿ, ಗಟ್ಟಿಯಾಗಿ. ಆಮೇಲೆ ಕ್ಯಾಮೆರಾದ ಹಿಂದಿನಿಂದ ಒಂದು ಹೆಣ್ಣುದನಿ, ‘ಅಕ್ಕಾ, ಜರಾ ಸುಮ್ನ ಕುಂದುರ್ರಿ, ಆವಾಜ್ ಕೆಡ್ತದ. ಅಣ್ಣಾರ, ನೀವು ಇನ್ನೊಮ್ಮೆ ಹೇಳ್ರಿ.’

ಆ ದನಿ ನನ್ನದು.

ದೇವರಾಣೆ, ನನಗೆ ಇದು ನೆನಪೇ ಇರಲಿಲ್ಲ. ಕೆಮ್ಮು ನೆನಪಿತ್ತು, ಚಹಾ ನೆನಪಿತ್ತು, ಆ ದಿನದ ಬಿಸಿಲು ಎಷ್ಟು ಕೆಟ್ಟದಾಗಿತ್ತು ಎಂಬುದೂ ನೆನಪಿತ್ತು. ಒಬ್ಬಳು ಎದ್ದು ನಿಂತು ಬೇಕು ಅಂದದ್ದು ನನ್ನ ಕಿವಿಗೆ ಬಿದ್ದದ್ದು ಬರೀ ಗದ್ದಲವಾಗಿ. ಆಕೆಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ಆಕೆ ಅದನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು, ‘ನಾಳಿ ಇದನ್ನ ತಗೊಂಡು ಊರಿಗೆ ಬರ್ರಿ’ ಎಂದು ಹೇಳಿ ಬಸ್ಸಿಗೆ ಹೋದಳು.

ಸುಳ್ಳು ಯಾಕೆ ಹೇಳಲಿ, ಆಕೆ ಹೋದ ಮೇಲೆ ನನ್ನ ಬೆರಳು ಲ್ಯಾಪ್‌ಟಾಪಿನ ಕತ್ತರಿಸುವ ಕೀಲಿಯ ಮೇಲೆ ಹೋಗಿತ್ತು. ಆಕೆಯ ಮಾತು ಇಟ್ಟು ನನ್ನ ಮಾತು ತೆಗೆಯುವುದು ಅರ್ಧ ನಿಮಿಷದ ಕೆಲಸ. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆಕೆಗೂ ಪಾಲು ಸಿಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಥೂ ನಿನ್ನ, ಇನ್ನೂ ಬುದ್ಧಿ ಬರಲಿಲ್ಲವೇನೇ ಎಂದು ನನಗೆ ನಾನೇ ಬೈದುಕೊಂಡು ಎದ್ದೆ.

ಮರುದಿನ ಕಮಲಾಪುರದ ಆ ಪಡಸಾಲೆಯಲ್ಲಿ ಐದು ಜನ ಹಿರಿಯರು ಕೂತಿದ್ದರು. ಅಣ್ಣ ಕಾಗದ, ಪೆನ್ನು ಎಲ್ಲ ತಯಾರಿಟ್ಟುಕೊಂಡಿದ್ದ. ನಾನು ಲ್ಯಾಪ್‌ಟಾಪ್ ಅವರ ಮುಂದಿಟ್ಟು, ಒಂದು ಅಕ್ಷರವನ್ನೂ ಮುಟ್ಟದೆ ಪೂರ್ತಿ ತೋರಿಸಿದೆ. ಮುಗಿಯುವ ಹೊತ್ತಿಗೆ ಅಣ್ಣ ತಲೆ ತಗ್ಗಿಸಿದ್ದ. ಹಿರಿಯರಲ್ಲಿ ಹೆಚ್ಚು ವಯಸ್ಸಾದವರೊಬ್ಬರು ಕನ್ನಡಕ ತೆಗೆದು ನನ್ನನ್ನು ಕೇಳಿದರು.

‘ಸುಮ್ನ ಕುಂದುರು ಅಂದಾಕಿ ಯಾರವ್ವಾ?’

‘ನಾನ ರೀ.’

‘ಆಕಿ ಬೇಕು ಅಂದದ್ದು ನಿಮಗ ಕೇಳಿಸಿತ್ತು?’

‘ಕೇಳಿಸಿತ್ತು.’

ಅವರು ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದರು. ‘ಕಾಗದ ಮಡಚಪಾ. ಪಾಲಿನ ಮಾತು ಮದಲಿಂದ ಆಗ್ಲಿ. ಈ ಸಲ ಆಕಿನ ಮದ್ಲ ಮಾತಾಡ್ಲಿ.’

ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಆಕೆ ಅಂಗಳದ ತನಕ ಬಂದಳು. ನಾನು ಮೂರ್ಖಳ ಹಾಗೆ ನಿಂತಿದ್ದೆ, ಥ್ಯಾಂಕ್ಸ್ ಹೇಳಿಯಾಳು ಎಂದು ಒಳಗೊಳಗೆ ಕಾಯುತ್ತಿದ್ದೆನೇನೋ.

‘ಎರಡು ವರ್ಷ ಓಣಿ ಮಂದಿ ನನ್ನ ದೊಡ್ಡ ಮನಸಿನಾಕಿ ಅಂದಾರ್ರಿ’ ಅಂದಳು. ‘ಬಾಯಿ ಬಿಡ್ಲಿಕ್ಕ ಆಗಿಲ್ಲ ನಂಗ. ಅವತ್ತೊಂದಿನ ನೀವು ನನ್ನ ಮಾತು ಮುಗೀಲಿಕ್ಕ ಬಿಡಬೇಕಿತ್ತು.’

ಒಳಗಿನಿಂದ ಆಕೆಯನ್ನು ಕರೆದರು. ಆಕೆ ಮಾತಾಡಲು ಒಳಗೆ ಹೋದಳು.