ಮೂಸದೆ ಕುಡಿದ ಗುಟುಕು

ಒಂದು ಗುಟುಕು ಕುಡಿದ ಶಾಹೀನ್ ಥಟ್ಟನೆ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. ಎದುರಿಗೆ ಸುನಂದಾ ಪಕಪಕನೆ ನಗುತ್ತಿದ್ದಳು. ಆಳಂದದ ನಾವು ಮೂವರು ಗೆಳತಿಯರು ವೈನರಿಯೊಂದಕ್ಕೆ ವೈನ್, ತಿನಿಸುಗಳ ರುಚಿ ನೋಡಲು ಹೋಗಿದ್ದೆವು. ವೈನ್ ಮುಟ್ಟದ ಶಾಹೀನ್ ದ್ರಾಕ್ಷಿ ರಸ ಕೇಳಿದ್ದಳು. ಅದರಲ್ಲಿ ಸುನಂದಾ ಕದ್ದು ವೈನ್ ಬೆರೆಸಿ ಕೊಟ್ಟಿದ್ದಳು!

“ಮಜಾಕ್ ಮಾಡೀನಿ ಬೇ, ಒಂದು ಗುಟುಕಿಗೆ ಏನಾಗ್ತದ?” ಎಂದಳು ಸುನಂದಾ.

ಶಾಹೀನ್ ಕೂಗಾಡಲಿಲ್ಲ. “ಮೊದಲ ಮೂಸಿ ನೋಡ್ರಿ ಅಂತ ಇಲ್ಲಿಯವ್ರು ಹೇಳಿದ್ರು. ನೀ ಕೊಟ್ಟಿದ್ದಂತ ಮೂಸಲಾರ್ದ ಕುಡದೀನಿ,” ಎಂದಳಷ್ಟೆ.

ನನಗೆ ಮೈಯೆಲ್ಲ ಉರಿಯಿತು. ನನ್ನ ಗ್ಲಾಸಿನ ವೈನನ್ನು ನೆಲಕ್ಕೆ ಸುರಿದು, ಶಾಹೀನಳ ಕೈ ಹಿಡಿದು ಹೊರಗೆ ಬಂದೆ.

ಅದು ತಮಾಷೆಯಂತೆ! ಇವತ್ತಿಗೂ ಸುನಂದಾ ಹಾಗೇ ಅನ್ನುತ್ತಾಳೆ. ಶಾಹೀನ್ ಮಾತ್ರ ಈಗ ನಾನು ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುತ್ತಾಳೆ.