ವಾರಂಟಿಯ ಸೋಮವಾರಗಳು

ಅಮೆರಿಕದ ಮೌಂಟನ್ ವ್ಯೂನಲ್ಲಿ ನನ್ನ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕೊಡಗಿನ ಅಂಕಲ್ ಒಬ್ಬರೇ ಇದ್ದರು. ಬಂದೂಕಿಗೆ ಹೂವಿಟ್ಟು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆಂದು ಸೆಕೆಂಡ್‌ಹ್ಯಾಂಡ್ ಬಂದೂಕು ಕೊಂಡಿದ್ದರು. ಅದರ ಟ್ರಿಗರ್ ಕೆಟ್ಟಿತ್ತು. ಪ್ರತಿ ಸೋಮವಾರ ಬೆಳಿಗ್ಗೆ, ಬಾಗಿಲು ತೆರೆದಿಟ್ಟುಕೊಂಡೇ ಕಂಪನಿಗೆ ಫೋನ್ ಮಾಡುವರು. ಕಸ್ಟಮರ್ ಸರ್ವಿಸ್‌ನ ಹೆಂಗಸನ್ನು ಮೊದಲು ಕಾಫಿ ಆಯಿತೇ ಎಂದು ಕೇಳುವರು. ವಾರಂಟಿ ಮೊದಲ ಮಾಲೀಕರಿಗೆ ಮಾತ್ರ ಎಂದು ಆಕೆ ಹೇಳಿದರೆ, ಫೋನಿಟ್ಟು ನನ್ನತ್ತ ತಿರುಗಿ, "ನೋಡೋಣ, ಮುಂದಿನ ಸೋಮವಾರ" ಎಂದು ನಗುವರು. ನನ್ನ ಡೈರಿಯಲ್ಲಿ ಅಂಥ ಹನ್ನೊಂದು ಸೋಮವಾರಗಳಿವೆ.

ಹನ್ನೆರಡನೆಯ ಸೋಮವಾರ ಆಕೆ ಪುಕ್ಕಟೆ ರಿಪೇರಿಗೆ ಒಪ್ಪಿದಳು. ಹಬ್ಬಕ್ಕೆ ಮೂರು ದಿನ ಮುಂಚೆ ಬಂದೂಕು ವಾಪಸು ಬಂತು. ಅವರು ಪೆಟ್ಟಿಗೆ ಬಿಚ್ಚಲಿಲ್ಲ.

"ಯಾಕೆ ಅಂಕಲ್, ತೆಗೆದು ನೋಡಲ್ವಾ?"

"ನೋಡಿದ್ರೆ ಸರಿಯಾಗಿದೆ ಅಂತ ಗೊತ್ತಾಗಿಬಿಡುತ್ತಲ್ಲ ಮಾರಾಯ. ಆಮೇಲೆ ಏನಂತ ಫೋನ್ ಮಾಡ್ಲಿ?"

ಹಬ್ಬದ ದಿನ ಮುಚ್ಚಿದ ಪೆಟ್ಟಿಗೆಯ ಮೇಲೆಯೇ ಹೂವಿಟ್ಟರು.